ಕೃತಕಶಿಲೆಯ ಪೂರ್ವೋತ್ತರ

ಚನ್ನರಾಯಪಟ್ಟಣದ ಸೀಮೆಗೆ ಕಲ್ಲಿನ ಬಡತನವಿಲ್ಲ. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಸುಮಾರು ೯೮೧ರಲ್ಲಿ ನಿಲ್ಲಿಸಿದ ೫೮ ಅಡಿ ಎತ್ತರದ ಗೊಮ್ಮಟಮೂರ್ತಿಯು ಕಠಿನವಾದ ಕಣಶಿಲೆಯದು. ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು ೧೨೪೬ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳು ಕಡೆದುದು ಮೃದುವಾದ ಬಳಪದ ಕಲ್ಲು. ಆದರೆ ದಂಡನಾಯಕರಿಗೆ ದೊರೆತ ರೂವಾರಿಯು ಸಾಮಾನ್ಯ ಗೃಹಸ್ಥನಿಗೆ ದೊರೆಯುವನೆ? ಅವನ ಅಂಗಳದ ತುಲಸಿಯ ಬೃಂದಾವನಕ್ಕೆ ಬಹುಕಾಲ ಒದಗಿಬಂದುದು ಇಟ್ಟಿಗೆಯೂ, ಅದರ ಮೇಲೆ ಮೆತ್ತುವ ಗಾರೆಯೂ.

ಗಾರೆಯೂ ಒಂದು ಬಗೆಯ ಶಿಲೆಯೇ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಇಂಗಾಲಾಮ್ಲವಾಯುವು ಹೊರಟುಹೋಗುತ್ತದೆ. ಉಳಿದ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳನ್ನು ಬೆರೆಸಿ, ಎತ್ತುಗಳು ಎಳೆಯುವ ಗಾಣದಲ್ಲಿ ಅರೆದು ಬಳಿದರೆ, ಅದು ಗಾಳಿಯಿಂದ ಅದೇ ವಾಯುವನ್ನು ಮರಳಿ ಹೀರಿ ಮೆಲ್ಲಮೆಲ್ಲನೆ ಪುನಃ ಕಲ್ಲಾಗುತ್ತದೆ. ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸುವುದುಂಟು. ಇಟ್ಟಿಗೆಯ ಪುಡಿಯಾದ ಸುರ್ಕಿಯು ಕೂಡಿದರೆ ಗಾರೆಯು ನೀರಿನಲ್ಲಿಯೂ ಗಟ್ಟಿಯಾಗುವುದು. ಹೊಳೆನರಸೀಪುರವನ್ನು ಹಾದು ಹರಿಯುವ ಹೇಮಾವತಿಯ ನೀರು ಸೇರುವ ಕೃಷ್ಣರಾಜಸಾಗರದ ಕಟ್ಟೆಯು ೧೯೧೧ರಲ್ಲಿ ಆರಂಭವಾಗಿ ಈ ಸುರ್ಕಿಗಾರೆಯಿಂದಲೇ ಎದ್ದು ನಿಂತಿತೆಂಬುದನ್ನು ವಾಚಕರು ಬಲ್ಲರು.

ಪರದೇಶಗಳಲ್ಲಿ ಈ ವಿದ್ಯೆಯು ಬೆಳೆದುದು ಬಹುಮಟ್ಟಿಗೆ ಉದ್ಯಾನದ ನೆವದಿಂದ. ಲಂಡನ್ನಿನಲ್ಲಿ ಎಲೀನರ್ ಕೋಡ್ ಎಂಬಾಕೆಯು ೧೭೬೯ರಲ್ಲಿ ಕಾರ್ಖಾನೆಯನ್ನು ಹಿಡಿದು, ಜೇಡಿಮಣ್ಣಿಗೆ ಗಾಜಿನ ಪುಡಿ ಮುಂತಾದುವನ್ನು ಬೆರೆಸಿ ಸುಟ್ಟು, ತೋಟದ ಕುಂಡಗಳನ್ನೂ ಪ್ರತಿಮೆಗಳನ್ನೂ ಮಾಡಿಸಿದಳು. ೧೮೨೪ರಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರವನ್ನು ಪಡೆದಾಗ ಆ ಪತ್ರದಲ್ಲಿಯೇ ಅದಕ್ಕೆ ಕೃತಕಶಿಲೆಯೆಂಬ ಹೆಸರಿದ್ದಿತು. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೇ ತನ್ನ ಗಿಡದ ತೊಟ್ಟಿಗಳು ಒಡೆಯದಿರಲೆಂದು ಸಿಮೆಂಟಿನೊಳಗೆ ಕಬ್ಬಿಣದ ಜಾಲವನ್ನಿಟ್ಟು ೧೮೬೭ರಲ್ಲಿ ಹಕ್ಕುಪತ್ರವನ್ನು ಪಡೆದನು. ಇಂದಿನ ಸೇತುವೆಗಳಿಗೂ ಮಹಡಿಗಳಿಗೂ ಆಧಾರವಾದ ಕ್ರಮವು ಹೂಕುಂಡದಿಂದ ಬಲಗೊಂಡುದು ವಿಸ್ಮಯವಲ್ಲವೆ?

ಈ ಸಿಮೆಂಟು ನಮ್ಮ ನಾಡಿಗೂ ಬಂದು ಮನೆಮನೆಯ ಕುಂಡವಾಯಿತು, ಬೃಂದಾವನವಾಯಿತು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳನ್ನು ಕಲಸಿ ಅಚ್ಚಿನಲ್ಲಿ ಮೆತ್ತಿ, ಒಂದು ವಾರ ನೆನೆಸಿದರೆ ಗಟ್ಟಿಯಾದ ಕುಂಡವು ಸಿದ್ಧ. ಗಾಣವೂ ಬೇಡ, ಗಾರೆಯವನ ತಾಳ್ಮೆಯೂ ಬೇಡ. ಲಾಭವು ನಿಜವಾದುದು, ನಷ್ಟವೂ ನಿಜವಾದುದು. ಹಳೆಯ ಗಾರೆಯ ಮೇಲೆ ಸಿಮೆಂಟನ್ನು ಬಳಿದರೆ ಒಳಗಿನ ತೇವವು ಹೊರಬೀಳಲಾರದೆ ಇಟ್ಟಿಗೆಯು ಉದುರಿ, ಮೇಲಣ ಪದರವು ಹೊಪ್ಪಳೆಯಾಗಿ ಕಳಚುವುದು. ತಾತಂದಿರ ಕಾಲದ ಬೃಂದಾವನಗಳು ಜೀರ್ಣೋದ್ಧಾರದಿಂದಲೇ ಹಾಳಾಗುವುದು ಹೀಗೆ. ಹೊಸ ಕುಂಡಕ್ಕೆ ಸಿಮೆಂಟು ತಕ್ಕುದೇ. ಹಳೆಯ ಗಾರೆಗೆ ಗಾರೆಯೇ ಮದ್ದು. ಅದನ್ನು ಅರೆಯಬಲ್ಲ ಮುದಿ ಕೈಗಳು ಇನ್ನೂ ಉಳಿದಿರುವಾಗಲೇ ಎಳೆಯ ಕೈಗಳು ಅದನ್ನು ಕಲಿಯುವುದು ಲೇಸು.