ಗಾಳಿ ಯಾರಪ್ಪನ ಸೊತ್ತು?

ವೇದ ಕೇಳಿದ ಶೂದ್ರನ ಕಿವಿಗೆ ಕರಗಿಸಿದ ತವರ, ಅರಗು ಹೊಯ್ಯಿರಿ ಎಂದಿತು ಗೌತಮ ಧರ್ಮಸೂತ್ರ. ಕೇಳುವುದೇ ಅಪರಾಧವಾದ ನಾಡಲ್ಲಿ ನಮ್ಮವರು ಮಾತಾಡುವುದೆಲ್ಲಿಂದ ಬಂತು? ಬ್ರಿಟಿಷರು 1885ರಲ್ಲಿ ಟೆಲಿಗ್ರಾಫ್ ಕಾಯ್ದೆ ತಂದರು. ಅವರು ಹೋದರು, ಕಾಯ್ದೆ ಉಳಿಯಿತು. ಗಾಳಿಗೆ ದನಿ ಬಿಡುವ ಹಕ್ಕು ಸರ್ಕಾರದ ಮುಷ್ಟಿಯಲ್ಲೇ ಇತ್ತು. ರೇಡಿಯೋ ನಮ್ಮ ಕೇರಿಗೂ ಬಂತು, ಇಲ್ಲ ಅನ್ನೋಲ್ಲ. ಆದರೆ ಗೊಬ್ಬರ ಇಷ್ಟು ಹಾಕಿ, ಔಷಧಿ ಹೀಗೆ ಹೊಡೀರಿ ಅಂತ ಅದು ಹೇಳೋದು, ನಾವು ಕೇಳೋದು. ನಮ್ಮವ್ವಂದಿರ ಬಾಯಲ್ಲಿದ್ದ ಬೀಜದ ಲೆಕ್ಕ, ಮಳೆಯ ಲೆಕ್ಕ ಯಾರಿಗೂ ವಿದ್ಯೆಯಾಗಿ ಕಾಣಲಿಲ್ಲ.

ಇದನ್ನು ತಿರುಗಿಸಿದ ಹೆಣ್ಣುಮಕ್ಕಳ ಚರಿತ್ರೆ ನಮ್ಮ ಬೀದರಿನ ಗಡಿಯಾಚೆಗೇ ಇದೆ. ಜಹೀರಾಬಾದ್ ಸೀಮೆ, ಆಗ ಆಂಧ್ರದ ಮೇದಕ್ ಜಿಲ್ಲೆ, ಈಗ ತೆಲಂಗಾಣದ ಸಂಗಾರೆಡ್ಡಿ. 1983ರಲ್ಲಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಕಟ್ಟಿದವರಲ್ಲಿ ಒಬ್ಬರು ಮೈಸೂರಿನಲ್ಲಿ ಹುಟ್ಟಿ ದೂರದರ್ಶನದಲ್ಲಿ ದುಡಿದಿದ್ದ ಪಿ.ವಿ. ಸತೀಶ್. ಕೂಲಿಯ ದಲಿತ ಹೆಂಗಸರು ಹಳ್ಳಿ ಹಳ್ಳಿಯಲ್ಲಿ ಸಂಘ ಕಟ್ಟಿದರು. ಪಾಳುಬಿದ್ದ ನೆಲ ಉತ್ತರು. ಜೋಳ, ನವಣೆ, ಸಾಮೆಯ ಬೀಜ ಕೂಡಿಟ್ಟರು.

ಆಮೇಲೆ ಕ್ಯಾಮೆರಾ ಹಿಡಿದರು. ಅಕ್ಷರ ಕಾಣದವರು ಅದನ್ನು ಕಲಿತ ಬಗೆ ನೋಡಿ. ಮೇಲಿಂದ ಕೆಳಕ್ಕೆ ನೋಡುವ ನೋಟಕ್ಕೆ ‘ಪಟೇಲ್ ಶಾಟ್’ ಅಂದರು. ಕಟ್ಟೆ ಮೇಲೆ ಕೂತ ಪಟೇಲ ನಮ್ಮನ್ನು ನೋಡೋದು ಹಾಗೇ ತಾನೆ! ಕಣ್ಣಿಗೆ ಕಣ್ಣು ಸಮವಾದ ನೋಟ ‘ಸಂಘಂ ಶಾಟ್’. ಸಂಘದಲ್ಲಿ ಎಲ್ಲರೂ ಒಂದೇ ನೆಲದ ಮೇಲೆ. ಯಾವ ಸಿನಿಮಾ ಶಾಲೆ ಈ ವ್ಯಾಕರಣ ಕಲಿಸಿತ್ತು?

ರೇಡಿಯೋ ಸುಲಭಕ್ಕೆ ಸಿಗಲಿಲ್ಲ. ಗಾಳಿಯ ತರಂಗ ಸಾರ್ವಜನಿಕರ ಸೊತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1998ರ ಹೊತ್ತಿಗೆ ಯುನೆಸ್ಕೋ ನೆರವಿನಿಂದ ಮಾಚನೂರಿನಲ್ಲಿ ಸ್ಟುಡಿಯೋ ಎದ್ದಿತು. ಲೈಸೆನ್ಸ್ ಮಾತ್ರ ಇಲ್ಲ. ಹೆಂಗಸರು ಕೈಕಟ್ಟಿ ಕೂರಲಿಲ್ಲ. ಹಾಡು, ಬೀಜದ ಮಾತು ಎಲ್ಲ ಕ್ಯಾಸೆಟ್ಟಿಗೆ ತುಂಬಿ ಸಂಘದ ಕೂಟಗಳಲ್ಲಿ ಕೇಳಿಸಿದರು. ನಮ್ಮ ಕೋಲಾರದ ಬೂದಿಕೋಟೆಯಲ್ಲೂ ಇದೇ ಕತೆ: ಗಾಳಿ ಸಿಗದೆ ‘ನಮ್ಮ ಧ್ವನಿ’ ಕೇಬಲ್ ತಂತಿಯಲ್ಲಿ ಮನೆಮನೆಗೆ ಹರಿಯಿತು.

2006ರಲ್ಲಿ ಸರ್ಕಾರ ಸಂಘಸಂಸ್ಥೆಗಳಿಗೂ ಬಾಗಿಲು ತೆರೆಯಿತು. 2008ರ ಅಕ್ಟೋಬರ್ 15ರಂದು 90.4 ಮೆಗಾಹರ್ಟ್ಸ್‌ನಲ್ಲಿ ‘ಸಂಘಂ ರೇಡಿಯೋ’ ಬಾಯಿಬಿಟ್ಟಿತು. ಜನರಲ್ ನರಸಮ್ಮ, ಆಲ್ಗೋಲ್ ನರಸಮ್ಮ ಎಂಬ ದಲಿತ ಹೆಣ್ಣುಮಕ್ಕಳೇ ಅದನ್ನು ನಡೆಸಿದರು. ರೆಕಾರ್ಡ್ ಮಾಡುವವರೂ ಅವರೇ, ಕಂಪ್ಯೂಟರಿನಲ್ಲಿ ಜೋಡಿಸುವವರೂ ಅವರೇ. ಭಾಷೆ ಪುಸ್ತಕದ ತೆಲುಗಲ್ಲ, ಅವರ ಹೊಲದ ತೆಲುಗು. ಊರ ಮುದುಕಿ ಅಲ್ಲಿ ಮೇಷ್ಟ್ರಾದಳು. ಆದರೂ ಆ ನೀತಿ ಸುದ್ದಿ ಹೇಳುವ ಹಕ್ಕು ಕೊಡಲಿಲ್ಲ. ಬಿತ್ತನೆ ಹೇಳು, ಭೂಮಿ ಯಾರದ್ದಾಯ್ತು ಅಂತ ಹೇಳಬೇಡ ಅಂದಂತಾಯಿತು.

ಈಗ ಕೇರಿಯಲ್ಲೂ ಮೊಬೈಲಿದೆ. ಯಂತ್ರ ಬಂತು, ವಿದ್ಯೆ ಬಂತು ಎಂದು ಹೊಗಳುವವರಿಗೆ ಕಡಿಮೆಯಿಲ್ಲ. ನಾವು ಒಂದೇ ಪ್ರಶ್ನೆ ಕೇಳೋಣ: ಅದರೊಳಗಿನ ನೋಟ ಯಾವುದು? ಪಟೇಲ್ ಶಾಟೋ, ಸಂಘಂ ಶಾಟೋ?