ಹೃದ್ರೋಗವೂ ರಕ್ತದ ಕುರುಹೂ

ಹೃದಯಕ್ಕೆ ರಕ್ತವನ್ನೊಯ್ಯುವ ನಾಳಗಳ ಒಳಗೋಡೆಯು ದಪ್ಪವೇರಿ, ಕಡೆಗೆ ರಕ್ತದ ಹರಿವೇ ನಿಂತುಹೋಗುವ ರೋಗಕ್ಕೆ ಮೂಲಕಾರಣವೇನೆಂಬ ವಾದವು ಯುರೋಪಖಂಡದಲ್ಲಿ ಬಹು ಹಿಂದೆಯೇ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿಯೆನ್ನಾ ನಗರದ ರೊಕಿಟಾನ್‌ಸ್ಕಿ ಎಂಬ ಪಂಡಿತನು, ರಕ್ತದಲ್ಲಿಯ ದ್ರವ್ಯಗಳು ನಾಳದ ಗೋಡೆಯ ಮೇಲೆ ಕೂಡಿಕೊಳ್ಳುವುದೇ ಮೊದಲು, ಮಿಕ್ಕ ವಿಕಾರಗಳೆಲ್ಲವೂ ಆಮೇಲಿನವು ಎಂದನು. ಜರ್ಮನಿಯ ವಿರ್ಕೋ ಎಂಬಾತನು ಇದನ್ನೊಪ್ಪದೆ, ಗೋಡೆಯೊಳಗಣ ಉರಿಯೂತವೇ, ಅಂದರೆ ಶೋಥವೇ, ಮೊದಲಿನದೆಂದು ವಾದಿಸಿದನು. 1913ರಲ್ಲಿ ರಷ್ಯಾದೇಶದ ಅನಿಚ್‌ಕೋವನು ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ ಅವುಗಳ ನಾಳಗಳಲ್ಲಿ ಇಂಥ ವಿಕಾರವನ್ನೇ ತೋರಿಸಿಕೊಟ್ಟನು. ಕಾಲಕ್ರಮದಲ್ಲಿ ಕೊಬ್ಬಿನ ವಾದವೇ ಪ್ರಬಲವಾಗಿ, ವಿರ್ಕೋವಿನ ಮಾತು ಮರೆಗೆ ಸರಿಯಿತು.

ಅದು ಪುನಃ ಬೆಳಕಿಗೆ ಬಂದ ದಾರಿಯು ವಿಚಿತ್ರವಾದುದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲ್ಲೆಟ್, ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗವನ್ನು ಪರಿಶೋಧಿಸುತ್ತಿದ್ದರು. ಹೃದಯಾಘಾತವು ಅವರ ಶೋಧಕ್ಕೆ ವಿಷಯವಾಗಿರಲಿಲ್ಲ. ರೋಗಾಣುವಿನಿಂದ ಬೇರ್ಪಡಿಸಿ 'ಸಿ' ಎಂದು ಗುರುತಿಟ್ಟಿದ್ದ ಒಂದು ಅಂಶವನ್ನು ರೋಗಿಗಳ ರಕ್ತರಸದೊಡನೆ ಕೂಡಿಸಲು, ಗಸಿಯು ಕೆಳಗಿಳಿಯಿತು. ಚೇತರಿಸಿಕೊಂಡವರ ರಕ್ತದಲ್ಲಿ ಈ ಗುಣವು ಕಾಣದಾಯಿತು. 1941ರಲ್ಲಿ ಅದೇ ಸಂಸ್ಥೆಯ ಏವರಿ ಮೊದಲಾದವರು ಇದೊಂದು ಪ್ರೋಟೀನೆಂದು ಸ್ಥಿರಪಡಿಸಿದರು. ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರು ನಿಂತಿತು. 1947ರಲ್ಲಿ ಮೆಕಾರ್ಟಿ ಎಂಬಾತನು ಅದನ್ನು ಸ್ಫಟಿಕರೂಪಕ್ಕೆ ತಂದನು. ದೇಹದಲ್ಲಿ ಎಲ್ಲಿಯಾದರೂ ಉರಿಯೂತವೆದ್ದರೆ, ಅಲ್ಲಿಂದ ಹೊರಟ ಸಂಕೇತಕ್ಕೆ ಓಗೊಟ್ಟು ಯಕೃತ್ತು ಇದನ್ನು ಉತ್ಪತ್ತಿಮಾಡಿ ರಕ್ತಕ್ಕೆ ಬಿಡುತ್ತದೆ. ಒಂದೆರಡು ದಿನಗಳಲ್ಲಿ ಇದರ ಪ್ರಮಾಣವು ನೂರ್ಮಡಿಗೂ ಮೀರಿ ಏರಬಲ್ಲದು.

ಆರೋಗ್ಯವಂತರಲ್ಲಿಯೂ ಇದು ಅತ್ಯಲ್ಪವಾಗಿ ಇದ್ದೇ ಇರುವುದು. ಆ ಅಲ್ಪದಲ್ಲಿಯ ಹೆಚ್ಚುಕಡಮೆಯನ್ನು ಅಳೆಯುವ ಸೂಕ್ಷ್ಮ ವಿಧಾನಗಳು ಬಳಕೆಗೆ ಬಂದಮೇಲೆ ಹೊಸ ಅಧ್ಯಾಯವು ಮೊದಲಾಯಿತು. ಅಮೆರಿಕದಲ್ಲಿ 22,071 ಮಂದಿ ವೈದ್ಯರು ಆಸ್ಪಿರಿನ್ನಿನ ಪರೀಕ್ಷೆಗೆ ತಮ್ಮನ್ನು ತಾವೇ ಒಪ್ಪಿಸಿಕೊಂಡಿದ್ದರು; 1982ರಿಂದ ಅವರಲ್ಲಿ ಅನೇಕರ ರಕ್ತವನ್ನು ಹಿಮಗಟ್ಟಿಸಿ ಇಡಲಾಗಿತ್ತು. ಬಾಸ್ಟನ್ನಿನ ರಿಡ್ಕರ್ ಮತ್ತು ಸಂಗಡಿಗರು, ಮುಂದೆ ಹೃದಯಾಘಾತವೇ ಮೊದಲಾದುವಕ್ಕೆ ತುತ್ತಾದ 543 ಮಂದಿಯ ರಕ್ತವನ್ನೂ, ತುತ್ತಾಗದ ಅಷ್ಟೇ ಮಂದಿಯ ರಕ್ತವನ್ನೂ ಹೋಲಿಸಿ 1997ರಲ್ಲಿ ಫಲವನ್ನು ಪ್ರಕಟಿಸಿದರು. ಪ್ರಮಾಣವು ಅತ್ಯಧಿಕವಾಗಿದ್ದ ನಾಲ್ಕನೆಯ ಒಂದು ಪಾಲಿನವರಿಗೆ, ಅತ್ಯಲ್ಪವಾಗಿದ್ದ ಪಾಲಿನವರಿಗಿಂತ ಹೃದಯಾಘಾತದ ಭಯವು ಸುಮಾರು ಮೂರು ಪಟ್ಟು ಹೆಚ್ಚಾಗಿದ್ದಿತು. ರಕ್ತವನ್ನು ತೆಗೆದ ದಿನ ಅವರೆಲ್ಲರೂ ತಮ್ಮನ್ನು ಆರೋಗ್ಯವಂತರೆಂದೇ ಎಣಿಸಿದ್ದರು.

2003ರಲ್ಲಿ ಅಮೆರಿಕದ ವೈದ್ಯಮಂಡಲಿಗಳು ಮೇರೆಯನ್ನು ಗೊತ್ತುಮಾಡಿದುವು: ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಮೆಯಿದ್ದರೆ ಅಲ್ಪಭಯ, 1ರಿಂದ 3ರ ವರೆಗೆ ಮಧ್ಯಮ, 3ಕ್ಕೆ ಮೇಲ್ಪಟ್ಟರೆ ಅಧಿಕ. ನೆಗಡಿಯಿಂದಲೂ ಹಲ್ಲಿನ ಬಾವಿನಿಂದಲೂ ಇದು ಏರುವುದಾದ್ದರಿಂದ ಒಂದೇ ಅಳತೆಯನ್ನು ನಂಬಲಾಗದು. ಕೆಲವು ವಾರಗಳ ಅಂತರದಲ್ಲಿ ಎರಡು ಸಲ ಅಳೆಯುವುದು ಯುಕ್ತವೆನಿಸಿದೆ.

ಇಲ್ಲಿ ತರ್ಕಶಾಸ್ತ್ರದ ಪ್ರಶ್ನೆಯೊಂದು ಎದುರಾಗುತ್ತದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು. ಹೊಗೆಯೇ ಬೆಂಕಿಗೆ ಕಾರಣವೆನ್ನಬಹುದೇ? ಈ ಪ್ರೋಟೀನು ಲಿಂಗವೋ ಕಾರಣವೋ? ಹುಟ್ಟಿನಿಂದಲೇ ಇದರ ಪ್ರಮಾಣವು ಅಧಿಕವಾಗಿರುವ ಮನೆತನದ ಗುಣವುಳ್ಳವರಲ್ಲಿ ಹೃದ್ರೋಗವು ಹೆಚ್ಚಿಲ್ಲವೆಂದು 2008ರಿಂದ 2011ರ ವರೆಗಿನ ಪರಿಶೋಧನೆಗಳಿಂದ ತಿಳಿದುಬಂದಿತು. ಆದುದರಿಂದ ಅದು ಹೊಗೆ ಮಾತ್ರ, ಕಿಚ್ಚು ಬೇರೆಡೆಯಲ್ಲಿರಬೇಕು. 2017ರಲ್ಲಿ 10,061 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ, ಕೊಬ್ಬನ್ನು ತಗ್ಗಿಸದೆ ಉರಿಯೂತದ ಮೂಲಸಂಕೇತವನ್ನಷ್ಟೇ ತಡೆಯುವ ಕೆನಾಕಿನುಮಾಬ್ ಎಂಬ ಔಷಧವನ್ನು ಕೊಡಲು, ಮಧ್ಯಮ ಮಾತ್ರೆಯಲ್ಲಿ ಹೃದಯಾಘಾತವೇ ಮೊದಲಾದ ಅಪಾಯಗಳು ನೂರಕ್ಕೆ 15ರಷ್ಟು ತಗ್ಗಿದುವು. ವಿರ್ಕೋವಿನ ಮಾತಿಗೆ ನೂರೈವತ್ತು ವರ್ಷಗಳಾಚೆ ಹೀಗೆ ಸಾಕ್ಷ್ಯವು ದೊರೆಯಿತು. ಆದರೆ ಅದೇ ಔಷಧದಿಂದ ಪ್ರಾಣಾಂತಿಕವಾದ ಸೋಂಕುಗಳು ಹೆಚ್ಚಿದುವು. ಒಟ್ಟು ಮರಣಗಳು ಕಡಮೆಯಾಗಲಿಲ್ಲ. ದೇಹವನ್ನು ಕಾಯುವ ಕಿಚ್ಚೂ ಸುಡುವ ಕಿಚ್ಚೂ ಒಂದೇ ಆಗಿರುವುದೇ ಇಲ್ಲಿಯ ಸಂಕಟ.

ಕೊಬ್ಬಿನ ವಾದವು ಇದರಿಂದ ಸುಳ್ಳಾಗಲಿಲ್ಲ. ಗೋಡೆಯಲ್ಲಿ ಸೇರಿದ ಕೊಬ್ಬೇ ಉರಿಯೂತವನ್ನು ಕೆಣಕುವುದೆಂಬುದು ಈಗಿನ ತಿಳಿವಳಿಕೆ. ವಾದಿ ಪ್ರತಿವಾದಿಗಳಿಬ್ಬರೂ ಒಂದೊಂದು ಪಾಲು ಸತ್ಯವನ್ನು ಹಿಡಿದಿದ್ದರು.

ಈ ಕಥೆಯ ಟಿಲ್ಲೆಟನು 1933ರಲ್ಲಿ ಮತ್ತೊಂದು ಸಂಗತಿಯನ್ನು ಪ್ರಕಟಿಸಿದನು: ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಬಲ್ಲದು. ಅದರಿಂದ ದೊರೆತ ಸ್ಟ್ರೆಪ್ಟೊಕೈನೇಸ್ ಔಷಧವು ಹೃದಯಾಘಾತದ ರೋಗಿಗಳ ಮರಣವನ್ನು ತಗ್ಗಿಸುವುದೆಂದು 1986ರಲ್ಲಿ ಇಟಲಿಯ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಶ್ವಾಸಕೋಶದ ಜ್ವರವನ್ನು ಅರಿಯಲು ಹೊರಟವನಿಂದ ಹೃದ್ರೋಗದ ಮುನ್ಸೂಚನೆಗೂ ಚಿಕಿತ್ಸೆಗೂ ಬೀಜವು ಬಿದ್ದಿತು.