ಅಂಟದ ತವಾ, ಸತ್ತ ದನಗಳು

ನಾನ್‌ಸ್ಟಿಕ್ ತವಾ ಈಗ ಹಳ್ಳಿ ಮನೆಗಳಿಗೂ ಬಂದಿದೆ. ಅದರ ಕಪ್ಪು ಲೇಪನ ಎಲ್ಲಿಂದ ಬಂತು, ಅದಕ್ಕೆ ಬೆಲೆ ತೆತ್ತವರು ಯಾರು ಎಂದು ನಾವು ಹುಡುಕಿದಾಗ ಸಿಕ್ಕ ಕಥೆ ಇದು.

1938ರ ಏಪ್ರಿಲ್ 6. ಅಮೆರಿಕದ ನ್ಯೂಜೆರ್ಸಿಯಲ್ಲಿ ಡುಪಾಂಟ್ ಕಂಪನಿಯ ವಿಜ್ಞಾನಿ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಬೇಕಾದ ಅನಿಲದ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ಸಿಲಿಂಡರಿನಿಂದ ಅನಿಲ ಬರಲಿಲ್ಲ, ತೂಕವೂ ಇಳಿದಿರಲಿಲ್ಲ. ಕೊಯ್ದು ನೋಡಿದರೆ ಒಳಗೆ ಮೇಣದಂಥ ಬಿಳಿ ಪುಡಿ. ಅದೇ ಟೆಫ್ಲಾನ್.

ಅದಕ್ಕೆ ಏನೂ ಅಂಟದು, ಯಾಕೆ? ಮೆಕ್ಕೆಜೋಳದ ದಿಂಡಿಗೆ ಕಾಳು ಕೂತಂತೆ, ಇಂಗಾಲದ ಸರಪಳಿಯ ಸುತ್ತ ಫ್ಲೋರಿನ್ ಒತ್ತಾಗಿ ಕೂತಿರುತ್ತದೆ. ಅವುಗಳ ಹಿಡಿತ ಬಹಳ ಗಟ್ಟಿ. ಬೇರೆ ವಸ್ತುವಿನ ಜೊತೆ ಬೆರೆಯುವುದೇ ಇಲ್ಲ.

ಏನೂ ಅಂಟದ್ದನ್ನು ಪಾತ್ರೆಗೆ ಅಂಟಿಸುವುದು ಹೇಗೆ? ಅಲ್ಯೂಮಿನಿಯಂ ಮೇಲೆ ಸಣ್ಣ ಸಣ್ಣ ಗುಳಿ ಮಾಡಿ, ಲೇಪನ ಅದರೊಳಗೆ ಕಚ್ಚಿಕೊಳ್ಳುವಂತೆ ಮಾಡಿದವರು ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್. 1956ರಲ್ಲಿ ಅವರ ಟೆಫಾಲ್ ಕಂಪನಿ ಶುರುವಾಯಿತು.

ಇತ್ತ ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ ಡುಪಾಂಟ್ ಕಾರ್ಖಾನೆ 1951ರಿಂದ ಟೆಫ್ಲಾನ್ ತಯಾರಿಕೆಗೆ ಸಿ8 ಎಂಬ ಸೋಪಿನಂಥ ರಾಸಾಯನಿಕ ಬಳಸುತ್ತಿತ್ತು. ಅದರಲ್ಲೂ ಅದೇ ಗಟ್ಟಿ ಹಿಡಿತ. ಹಾಗಾಗಿ ಮಣ್ಣಲ್ಲಿ ಕೊಳೆಯದು, ನೀರಲ್ಲಿ ಕರಗಿ ದೂರ ಹೋಗುತ್ತದೆ, ರಕ್ತ ಸೇರಿದರೆ ವರ್ಷಗಟ್ಟಲೆ ಉಳಿಯುತ್ತದೆ.

ಕಂಪನಿ ಕಸ ಸುರಿಯುತ್ತಿದ್ದ ಜಾಗದ ಪಕ್ಕದಲ್ಲೇ ವಿಲ್ಬರ್ ಟೆನೆಂಟ್ ಎಂಬ ರೈತರ ಹುಲ್ಲುಗಾವಲು. ಅಲ್ಲಿಂದ ಹರಿದು ಬಂದ ಹಳ್ಳದ ನೀರು ಕುಡಿದ ನೂರಕ್ಕೂ ಹೆಚ್ಚು ದನಗಳು ಸತ್ತವು. ಯಾರೂ ಕಿವಿಗೊಡಲಿಲ್ಲ. ಅವರೇ ನೊರೆಯ ವಿಡಿಯೊ ಮಾಡಿದರು, ಸತ್ತ ದನ ಕೊಯ್ದು ಒಳಗಿನದನ್ನು ದಾಖಲಿಸಿದರು. ಆ ವಿಡಿಯೊ ನೋಡಿದ ವಕೀಲ ರಾಬ್ ಬಿಲಾಟ್ 1999ರಲ್ಲಿ ಕೇಸು ಹಾಕಿದರು. ಕಂಪನಿಯ ಕಡತಗಳೇ ಹೊರಬಂದವು: ಊರಿನ ಕುಡಿಯುವ ನೀರಲ್ಲಿ ಸಿ8 ಇರುವುದು 1984ರಲ್ಲೇ ಅದಕ್ಕೆ ಗೊತ್ತಿತ್ತು.

ಸುಮಾರು 69,000 ಜನರ ರಕ್ತ ಪರೀಕ್ಷೆಯಾಯಿತು. ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್ ಸೇರಿ ಆರು ಕಾಯಿಲೆಗಳಿಗೂ ಸಿ8ಗೂ ನಂಟಿರುವ ಸಾಧ್ಯತೆ ಹೆಚ್ಚು ಎಂದು ತಜ್ಞರ ಸಮಿತಿ ಹೇಳಿತು. 2017ರಲ್ಲಿ 67 ಕೋಟಿ ಡಾಲರಿಗೂ ಹೆಚ್ಚು ಪರಿಹಾರಕ್ಕೆ ಒಪ್ಪಂದವಾಯಿತು. ಟೆನೆಂಟ್ ಅದನ್ನು ನೋಡಲಿಲ್ಲ, 2009ರಲ್ಲೇ ತೀರಿಕೊಂಡಿದ್ದರು. 2019ರಲ್ಲಿ ಸಿ8 ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು.

ಮನೆಯ ತವಾಕ್ಕೆ ಹೆದರಿ ಎಸೆಯಬೇಕಿಲ್ಲ. ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಕಾಯಿಸಬೇಡಿ, ಅತಿಯಾಗಿ ಕಾದರೆ ಲೇಪನದಿಂದ ಕೆಟ್ಟ ಹೊಗೆ ಬರುತ್ತದೆ. ಆದರೆ ನಿಮ್ಮೂರ ಹಳ್ಳದಲ್ಲಿ ನೊರೆ ಕಂಡರೆ, ದನ ಕಾರಣವಿಲ್ಲದೆ ಸತ್ತರೆ, ತಾರೀಖು ಬರೆದಿಡಿ, ಮೊಬೈಲಲ್ಲಿ ವಿಡಿಯೊ ಮಾಡಿ. ಟೆನೆಂಟ್ ಕೇಸು ನಿಂತಿದ್ದು ಅಂಥ ದಾಖಲೆಯಿಂದಲೇ.